ವೂಫರ್ ಸುಳ್ಳು ಹೇಳಿದರೆ ಹಾಡಿನ ಗತಿ ಏನು?

ಚಿತ್ರ ಶುರುವಾಗಿ ಹೆಸರುಗಳು ಓಡುತ್ತಿರುವಾಗ ನೀವೇನು ಮಾಡುತ್ತಿರುತ್ತೀರಿ? ಕತ್ತಲಲ್ಲಿ ಸೀಟು ಹುಡುಕುತ್ತಿರುತ್ತೀರಿ, ಇಲ್ಲವೇ ನಾಯಕನ ಹೆಸರಿಗೆ ಸಿಳ್ಳೆ ಹೊಡೆಯುತ್ತಿರುತ್ತೀರಿ. ‘ಧ್ವನಿಗ್ರಹಣ’ ಅನ್ನುವ ಅಕ್ಷರಗಳಿಗೆ ಸಿಳ್ಳೆ ಬಿದ್ದದ್ದನ್ನು ನಾನಂತೂ ಇದುವರೆಗೆ ಕೇಳಿಲ್ಲ! ಆ ಅಕ್ಷರಗಳ ಕೆಳಗೆ ಹೆಸರಿರುವ ಮಹನೀಯರು ಎರಡು ಪೆಟ್ಟಿಗೆಗಳನ್ನು ನಂಬಿ ಕೂತವರು. ಆ ಪೆಟ್ಟಿಗೆಗಳನ್ನು ರಿಪೇರಿ ಮಾಡುವವನು ನಾನು. 1984ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಬೆಸುಗೆ ಕಡ್ಡಿ ಹಿಡಿದವನು, ಇವತ್ತಿಗೂ ಕೆಳಗಿಟ್ಟಿಲ್ಲ.

ಸ್ಟುಡಿಯೋದಲ್ಲಿ ಗಾಜಿನ ಆಚೆ ಗಾಯಕರು ಹಾಡುತ್ತಾರೆ. ಈಚೆ ಕೂತವರಿಗೆ ಅದನ್ನು ಕೇಳಿಸುವ ಸ್ಪೀಕರಿಗೆ ‘ಮಾನಿಟರ್’ ಅಂತ ಹೆಸರು. ಮನೆಯ ಸ್ಪೀಕರು ಹೊಗಳುಭಟ, ಹಾಡು ಹೇಗಿದ್ದರೂ ಸಿಹಿ ಸವರಿ ಬಡಿಸುತ್ತದೆ. ಮಾನಿಟರ್ ಹಾಗಲ್ಲ ಕಣ್ರೀ, ಅದು ಯಥಾರ್ಥವಾದಿ. ತಬಲ ಜಾಸ್ತಿಯಾದರೆ ಜಾಸ್ತಿ ಅಂತಲೇ ಹೇಳಬೇಕು.

ಸ್ಟುಡಿಯೋ ಫೋಟೋಗಳಲ್ಲಿ ಕಪ್ಪು ಪೆಟ್ಟಿಗೆ, ಅದರ ನಡುವೆ ಬೆಳ್ಳಗೆ ಹೊಳೆಯುವ ಕೋನ್ ನೋಡಿದ ನೆನಪಿದೆಯೇ? ಅದು ಯಮಹಾ ಎನ್‌ಎಸ್-10. 1978ರಲ್ಲಿ ಬಂದದ್ದು ಮನೆ ಬಳಕೆಗೆ. ಮನೆಯವರಿಗೆ ರುಚಿಸಲಿಲ್ಲ, ಸ್ಟುಡಿಯೋದವರು ಎತ್ತಿಕೊಂಡು ಹೋದರು! ಅದರ 18 ಸೆಂಟಿಮೀಟರ್ ವೂಫರಿನ ಕೋನ್ ಕಾಗದದ್ದು, ಹಾಳೆಯನ್ನು ಸುರುಳಿ ಮಾಡಿ ಅಂಟಿಸಿದ್ದು. 2001ರಲ್ಲಿ ಅದರ ತಯಾರಿಕೆ ನಿಂತಿತು. ಕಾರಣ ಏನಂತೀರಿ? ಕೋನಿಗೆ ಬೇಕಾದ ಕಾಗದದ ತಿರುಳು ಸಿಗದೇ ಹೋದದ್ದು! 2008ರಲ್ಲಿ ಈ ಸ್ಪೀಕರಿಗಾಗಿ ಯಮಹಾಗೆ ಗ್ರ್ಯಾಮಿಯವರ ತಾಂತ್ರಿಕ ಪ್ರಶಸ್ತಿಯೂ ಬಂತು. ನಮ್ಮ ಎಷ್ಟೋ ನಾಯಕರಿಗೆ ಸಿಗದ ಯೋಗ, ಒಂದು ಪೆಟ್ಟಿಗೆಗೆ.

ಈಗ ನನ್ನ ಕಥೆಗೆ ಬರುತ್ತೇನೆ. 2019ರ ಮಳೆಗಾಲ. ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಿಂದ ಕರೆ ಬಂತು. ಹಿರಿಯ ರೆಕಾರ್ಡಿಸ್ಟ್ ಒಬ್ಬರು, ಕಂಪ್ಯೂಟರ್ ಮುಂದೆ ಒಬ್ಬ ಹುಡುಗ. ಹಳೆಯ ಕನ್ನಡ ಚಿತ್ರಗೀತೆಗಳ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ಟೇಪುಗಳೋ, ಮುಟ್ಟಿದರೆ ಪುಡಿ ಉದುರುವ ಸ್ಥಿತಿ. ಒಂದು ಸಲ ಓಡಿದ್ದು ಇನ್ನೊಂದು ಸಲ ಓಡುತ್ತದೆ ಅನ್ನುವ ಭರವಸೆ ಯಾರಿಗೂ ಇರಲಿಲ್ಲ. ಗೋಡೆಯ ಪಕ್ಕ ಹದಿನೈದು ಇಂಚಿನ ವೂಫರ್ ಇದ್ದ ಎರಡು ಅಮೆರಿಕನ್ ಮಾನಿಟರುಗಳು, 80ರ ದಶಕದವು.

“ಎಡಗಡೆಯದು ಗೊರಗೊರ ಅಂತಿದೆಯಪ್ಪಾ. ಹುಡುಗ ಹೊಸಾ ವೂಫರ್ ಹಾಕಿಸಿಬಿಡೋಣ ಅಂತಾನೆ. ನೀವೇನಂತೀರಿ?” ಅಂದರು ಹಿರಿಯರು.

ನಾನು ಏನೂ ಅನ್ನಲಿಲ್ಲ. ಮೊದಲು ಆಂಪ್ಲಿಫೈಯರಿನ ಹಿಂದೆ ಎಡ ಬಲದ ವೈರುಗಳನ್ನು ಅದಲು ಬದಲು ಮಾಡಿದೆ. ಗೊರಗೊರ ಬಲಕ್ಕೆ ಹೋಗಿದ್ದರೆ ತಪ್ಪು ಆಂಪ್ಲಿಫೈಯರಿನದು, ಇಲ್ಲವೇ ಅದರ ಹಿಂದಿನದು. ಹೋಗಲಿಲ್ಲ, ಎಡದಲ್ಲೇ ಕೂತಿತ್ತು. ಅಂದರೆ ಕಾಯಿಲೆ ಪೆಟ್ಟಿಗೆಯೊಳಗೇ. ಇಷ್ಟಕ್ಕೆ ಒಂದು ನಿಮಿಷ ಬೇಕು, ಒಂದು ಪೈಸೆ ಖರ್ಚಿಲ್ಲ. ಆದರೂ ಇದನ್ನು ಮಾಡದೆ ಸೀದಾ ವೂಫರ್ ಬಿಚ್ಚುವ ಮೆಕ್ಯಾನಿಕ್‌ಗಳನ್ನು ಬೇಕಾದಷ್ಟು ಕಂಡಿದ್ದೇನೆ!

ಮುಂದಿನ ಜಾಲರಿ ತೆಗೆದು ಕೋನಿನ ಅಂಚು ಮುಟ್ಟಿದೆ. ಹಳೇ ಹಪ್ಪಳದ ಹಾಗೆ ಪುಡಿಪುಡಿಯಾಗಿ ಉದುರಿತು. ಬಲಗಡೆಯದು ಇನ್ನೂ ಉದುರಿರಲಿಲ್ಲ, ಹಲಸಿನ ಅಂಟಿನ ಹಾಗೆ ಬೆರಳಿಗೆ ಹತ್ತಿತು. ಅದರ ಸರದಿಯೂ ಹತ್ತಿರ ಬಂದಿತ್ತು ಅಂತ ಅರ್ಥ.

ವಿಷಯ ಇಷ್ಟೇ ಗೆಳೆಯರೇ. ವೂಫರಿನ ಕೋನ್ ಒಳಗೂ ಹೊರಗೂ ಆಡಬೇಕು, ಆದರೆ ಅಕ್ಕಪಕ್ಕ ಅಲ್ಲಾಡಬಾರದು. ಅದರ ಬುಡದಲ್ಲಿ ತಾಮ್ರದ ಕಾಯಿಲ್ ಇದೆ, ಅಯಸ್ಕಾಂತದ ನಡುವಿನ ಕೂದಲೆಳೆಯಂಥ ಸಂದಿಯಲ್ಲಿ ಅದರ ಓಡಾಟ. ಬುಡದಲ್ಲಿ ಸ್ಪೈಡರ್, ತುದಿಯಲ್ಲಿ ಅಂಚು, ಇವೆರಡೇ ಅದನ್ನು ನಡುವೆ ಹಿಡಿದಿಡುವುದು. ಆ ಕಾಲದ ಎಷ್ಟೋ ವೂಫರುಗಳ ಅಂಚು ಪಾಲಿಯುರೆಥೇನ್ ಫೋಮ್. ಗಾಳಿಯ ತೇವ ಅದನ್ನು ಒಳಗೊಳಗೇ ತಿನ್ನುತ್ತದೆ. ಹದಿನೈದು ಇಪ್ಪತ್ತು ವರ್ಷಕ್ಕೆ ಕಥೆ ಮುಗಿಯಿತು. ಹಾಕದೆ ಮೂಲೆಯಲ್ಲಿಟ್ಟರೂ ಅಷ್ಟೇ. ಅಂಚು ಹೋದ ಮೇಲೆ ಕೋನ್ ಓಲಾಡಿ ಕಾಯಿಲ್ ಕಬ್ಬಿಣಕ್ಕೆ ಉಜ್ಜುತ್ತದೆ, ಅದೇ ಗೊರಗೊರ. ಹಾಗೇ ಜೋರಾಗಿ ಬಾರಿಸುತ್ತಾ ಹೋದರೆ ಕಾಯಿಲ್ ಸವೆದು ನಿಜಕ್ಕೂ ಸಾಯುತ್ತದೆ.

ಕಾಯಿಲ್ ಬದುಕಿದೆಯೋ ಇಲ್ಲವೋ ನೋಡಲು ಮಲ್ಟಿಮೀಟರ್ ಹಚ್ಚಿದೆ. ಆರು ಓಮ್ ತೋರಿಸಿತು. “ಅಂಕಲ್, ಎಂಟು ಓಮ್ ಅಂತ ಬರೆದಿದೆ, ಎರಡು ಕಮ್ಮಿ ಬಂತಲ್ಲಾ!” ಅಂದ ಹುಡುಗ. ಬರೋದೇ ಹಾಗೆ ಮಾರಾಯ! ಎಂಟು ಅನ್ನುವುದು ಹಾಡು ಓಡುವಾಗಿನ ಲೆಕ್ಕ, ಮೀಟರಿಗೆ ಸಿಗುವುದು ಬರೀ ತಾಮ್ರದ ತಂತಿ. ಆರರ ಆಸುಪಾಸು ಬಂದರೆ ಕಾಯಿಲ್ ಗಟ್ಟಿಮುಟ್ಟು. ಮುಳ್ಳು ಅಲ್ಲಾಡಲೇ ಇಲ್ಲವೋ, ಕಾಯಿಲ್ ಸುಟ್ಟಿದೆ, ಇಲ್ಲವೇ ಕೋನಿಗೆ ಹೋಗುವ ಜಡೆ ಹೆಣೆದಂಥ ತಂತಿ ಕಿತ್ತಿದೆ. ಆ ತಂತಿ ಪೂರ್ತಿ ಕೀಳದೆ ಒಂದೆರಡು ಎಳೆಯಲ್ಲಿ ನೇತಾಡುತ್ತಿದ್ದರೆ ಹಾಡು ಬರುತ್ತದೆ, ಹೋಗುತ್ತದೆ, ಬರುತ್ತದೆ. ನಿಮ್ಮ ಮನೆಯ ಸ್ಪೀಕರ್ ಹಾಗೆ ಮಾಡುತ್ತಿದ್ದರೆ ತಟ್ಟಬೇಡಿ, ಆ ತಂತಿ ನೋಡಿ.

ಅಯಸ್ಕಾಂತ ಸರಿ, ಕಾಯಿಲ್ ಸರಿ, ಕೋನ್ ಸರಿ. ಹೋದದ್ದು ಬರೀ ಅಂಚು. ಇಷ್ಟಕ್ಕೆ ವೂಫರನ್ನೇ ಬದಲಿಸುವುದೇ? ಪೆಟ್ಟಿಗೆಯ ಅಳತೆ, ಒಳಗಿನ ಕ್ರಾಸೋವರ್ ಎಲ್ಲವೂ ಆ ವೂಫರಿಗೇ ಹೊಲಿದ ಅಂಗಿ. ಬೇರೆಯವನಿಗೆ ತೊಡಿಸಿದರೆ ತೋಳು ಉದ್ದ, ಕುತ್ತಿಗೆ ಬಿಗಿ.

ಒಂದು ಅಂಗಡಿಯವನು ರಬ್ಬರ್ ಅಂಚು ಕೊಡುತ್ತೇನೆ, ಸಾಯೋವರೆಗೂ ಬಾಳಿಕೆ ಬರುತ್ತೆ ಅಂದ. ಬರುತ್ತದೆ, ನಿಜ. ಆದರೆ ರಬ್ಬರ್ ಭಾರ, ಅದರ ಎಳೆತವೇ ಬೇರೆ, ಕೋನ್ ಆಡುವ ರೀತಿ ಬದಲಾಗುತ್ತದೆ. ಮನೆಯ ಸೆಟ್ಟಿಗಾದರೆ ಹಾಕಿಕೊಳ್ಳಿ, ಯಾರು ಕೇಳುತ್ತಾರೆ. ಮಾನಿಟರಿಗೆ ಮಾತ್ರ ನಾನು ಹಾಕುವುದಿಲ್ಲ. ಅದೇ ಅಳತೆಯ ಫೋಮ್ ಅಂಚನ್ನೇ ತರಿಸಿದೆ, ಎರಡೂ ಕಡೆಗೆ.

ಇನ್ನು ಕೆಲಸ. ಬಿಚ್ಚುವಾಗ ಸ್ಕ್ರೂಡ್ರೈವರ್ ಮೇಲೆ ಎರಡೂ ಕೈ ಇರಲಿ. ಇಲ್ಲದಿದ್ದರೆ ಅಯಸ್ಕಾಂತ ಅದನ್ನು ಸೆಳೆದುಕೊಂಡು ಕೋನಿಗೆ ತೂತು ಮಾಡುತ್ತದೆ, ಖಳನಾಯಕನ ಚೂರಿಯ ಹಾಗೆ. ಹಳೆಯ ಅಂಟನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಕೆರೆಯುವುದಕ್ಕೇ ಅರ್ಧ ದಿನ ಹೋಯಿತು. ಬೇಜಾರಿನ ಕೆಲಸ, ಆದರೆ ಇಲ್ಲಿ ಆತುರ ಪಟ್ಟವನು ಮತ್ತೆ ಮೊದಲಿಂದ ಮಾಡಬೇಕು. ಆಮೇಲೆ ನಡುವಿನ ಟೊಪ್ಪಿಯನ್ನು ಬ್ಲೇಡಿನಿಂದ ಬಿಡಿಸಿ, ಕಾಯಿಲ್ ಒಳಗೆ ಸುತ್ತಲೂ ತೆಳ್ಳನೆಯ ಪಟ್ಟಿಗಳನ್ನು ಸಿಕ್ಕಿಸಬೇಕು. ಅಂಟು ಒಣಗುವವರೆಗೆ ಕಾಯಿಲ್ ನಟ್ಟನಡುವೆ ನಿಂತಿರಲಿ ಅಂತ.

ಆ ಪಟ್ಟಿ ಯಾವುದು ಗೊತ್ತೇ? 35 ಎಂಎಂ ಸಿನಿಮಾ ರೀಲು! ನನ್ನ ಡಬ್ಬಿಯಲ್ಲಿ ಹಳೆಯ ಚಿತ್ರವೊಂದರ ಹರಿದ ತುಂಡುಗಳಿವೆ. ದಪ್ಪ ಎಲ್ಲಾ ಕಡೆ ಒಂದೇ, ಬಾಗುತ್ತದೆ, ಮುರಿಯುವುದಿಲ್ಲ. ನಾಯಕಿಯ ಮುಖವಿದ್ದ ತುಂಡನ್ನು ಕತ್ತರಿಸಲು ಮನಸ್ಸು ಬಾರದೆ ಫೈಟಿಂಗ್ ದೃಶ್ಯದ ತುಂಡುಗಳನ್ನೇ ಬಳಸಿದೆ ಅನ್ನಿ! ಒಣಗಲು ಸಮಯ ಕೊಡುವ ಬಿಳಿ ಅಂಟು ಹಚ್ಚಿ, ಒಂದು ಇಡೀ ದಿನ ಬಿಟ್ಟೆ. ಮಾರನೆಯ ದಿನ ಪಟ್ಟಿ ಎಳೆದು, ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮನಾಗಿ ಒತ್ತಿ ಕಿವಿಯಿಟ್ಟೆ. ಸದ್ದಿಲ್ಲ. ಟೊಪ್ಪಿ ಅಂಟಿಸಿದೆ.

ಮುಗಿಯಿತು ಅಂದುಕೊಂಡಿರಾ? ಅಸಲಿ ಸಸ್ಪೆನ್ಸ್ ಈಗ ಶುರು.

ಒಂದು ಹಳೆಯ ಯುಗಳಗೀತೆ ಹಾಕಿದರು. ಎಡ ಮಾತ್ರ ಕೇಳಿದರೆ ಗುಂಡಗೆ ಬೇಸ್. ಬಲ ಮಾತ್ರ ಕೇಳಿದರೂ ಬೇಸ್. ಎರಡೂ ಸೇರಿಸಿದರೆ ಬೇಸ್ ಮಾಯ! ಹಾಡು ತಗಡಿನ ಡಬ್ಬಿಯಿಂದ ಬಂದ ಹಾಗಿತ್ತು. ಹುಡುಗ ಮಿಕ್ಸರಿನ ಬೇಸ್ ಗುಂಡಿಗೆ ಕೈ ಹಾಕಿದ. “ಆರು ಡಿಬಿ ಎತ್ತಿದ್ರೆ ಸರಿಹೋಗುತ್ತೆ ಅಂಕಲ್. ಹಳೇ ಹಾಡಲ್ವಾ, ಬೇಸ್ ಕಮ್ಮಿನೇ ಇರುತ್ತೆ.”

ನನಗೆ ಎದೆ ಝಲ್ಲೆಂದಿತು. ಎತ್ತಿದ ಆ ಆರು ಡಿಬಿ ಟೇಪಿನ ಜೊತೆ ಕಂಪ್ಯೂಟರಿಗೂ ಇಳಿಯುತ್ತದೆ. ಆಮೇಲೆ ಟೇಪು ಹೋದರೆ, ಮುಂದೆ ಆ ಹಾಡು ಕೇಳುವ ಪ್ರತಿಯೊಬ್ಬನಿಗೂ ಡಬಡಬ ಬೇಸೇ ಗತಿ!

“ಒಂದು ನಿಮಿಷ ತಡೀರಿ” ಅಂದೆ. ಜೇಬಿನಿಂದ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲು ತೆಗೆದು, ಸೆಲ್ಲಿನ ಪ್ಲಸ್ಸನ್ನು ಎಡ ಪೆಟ್ಟಿಗೆಯ ಕೆಂಪು ಟರ್ಮಿನಲ್ಲಿಗೆ, ಮೈನಸ್ಸನ್ನು ಕಪ್ಪಿಗೆ ಕ್ಷಣ ಮಾತ್ರ ಮುಟ್ಟಿಸಿದೆ. ಕೋನ್ ಹೊರಗೆ ಬಂತು. ಬಲಕ್ಕೂ ಹಾಗೇ ಮುಟ್ಟಿಸಿದೆ. ಕೋನ್ ಒಳಗೆ ಹೋಯಿತು! ಕಳ್ಳ ಸಿಕ್ಕಿಬಿದ್ದ. ಆ ಹಾಡು ಮೋನೋ, ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದುಕೊಂಡರೆ ಉಳಿಯುವುದೇನು? ಸೊನ್ನೆ. 50 ಹರ್ಟ್ಸ್ ಸದ್ದಿನ ಅಲೆ ಸುಮಾರು ಏಳು ಮೀಟರ್ ಉದ್ದ, ಎರಡು ಮೀಟರ್ ದೂರದ ಪೆಟ್ಟಿಗೆಗಳು ಅದಕ್ಕೆ ಅಕ್ಕಪಕ್ಕವೇ. ಅದಕ್ಕೇ ಮೊದಲು ಸಾಯುವುದು ಬೇಸ್. ತಾಳದ ಅಲೆ ಬಹಳ ಗಿಡ್ಡ, ಪೂರ್ತಿ ಸಾಯದೆ ಅಲ್ಲಲ್ಲಿ ಚದುರುತ್ತದೆ.

(ಅಂದ ಹಾಗೆ, ಹಳೆಯ ಜೆಬಿಎಲ್ ವೂಫರುಗಳಲ್ಲಿ ಕೆಂಪಿಗೆ ಪ್ಲಸ್ ಕೊಟ್ಟರೆ ಕೋನ್ ಒಳಗೇ ಹೋಗುತ್ತದೆ. ಆ ಕಂಪೆನಿಯ ಅಂದಿನ ಪದ್ಧತಿಯೇ ಹಾಗೆ, ರಿಪೇರಿ ಮಾಡಲು ಹೋಗಬೇಡಿ! ಜೋಡಿ ಎರಡೂ ಒಂದೇ ಕಡೆ ಹೋದರೆ ಸಾಕು. ಇಲ್ಲಿದ್ದವು ಆ ಕಂಪೆನಿಯವಲ್ಲ.)

ಬಲ ಪೆಟ್ಟಿಗೆ ಬಿಚ್ಚಿದೆ. ಕ್ರಾಸೋವರಿನ ಮೇಲೆ ಬೇರೆ ಕೈಯ ಬೆಸುಗೆ, ಮಂಕು ಮಂಕಾಗಿ ಉಂಡೆಗಟ್ಟಿದ್ದು. ಎಂದೋ ಯಾರೋ ವೂಫರಿನ ಎರಡು ತಂತಿಗಳನ್ನು ತಿರುವು ಮುರುವು ಹಚ್ಚಿಹೋಗಿದ್ದರು. ಹಿರಿಯರು ಬಗ್ಗಿ ನೋಡಿದರು. “ಅದಕ್ಕೇ ನೋಡಿ, ಬಹಳ ದಿನದಿಂದ ಬೇಸ್ ಕಮ್ಮಿ ಅನ್ನಿಸ್ತಿತ್ತು. ನನ್ನ ಕಿವಿಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ” ಅಂದರು.

ತಂತಿ ಬದಲಿಸಿ ಅದೇ ಹಾಡು ಹಾಕಿದೆವು. ಡಬಲ್ ಬೇಸಿನ ತಂತಿ ಮೀಟಿದ ಸದ್ದು ಎರಡು ಪೆಟ್ಟಿಗೆಗಳ ನಟ್ಟನಡುವೆ ಬಂದು ನಿಂತಿತು. ಹುಡುಗ ಮಾತಾಡಲಿಲ್ಲ. ಬೇಸ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಸೊನ್ನೆಗೆ ತಂದ.

“ಅವತ್ತು ಇಷ್ಟೇ ಇತ್ತು” ಅಂದರು ಹಿರಿಯರು, “ಜಾಸ್ತೀನೂ ಇಲ್ಲ, ಕಮ್ಮೀನೂ ಇಲ್ಲ.” ಟೇಪನ್ನು ಹಿಂದಕ್ಕೆ ಸುತ್ತಿ, ಹುಡುಗನಿಗೆ ಕೈ ಸನ್ನೆ ಮಾಡಿದರು. ಕಂಪ್ಯೂಟರಿನ ಕೆಂಪು ದೀಪ ಹತ್ತಿತು. ನಾನು ಸದ್ದು ಮಾಡದೆ ನೆಲದ ಮೇಲಿನ ಸ್ಕ್ರೂಗಳನ್ನು ಹೆಕ್ಕತೊಡಗಿದೆ.