ಸೋರುವ ಮನೆಗೊಂದು ಮುನ್ನುಡಿ

ಮೊನ್ನೆಯ ಮಳೆಗೆ ನಮ್ಮ ಹಾಲ್‌ನ ತಾರಸಿ ಮತ್ತೆ ಸೋರಿತು. ಹೆಂಡತಿ ಮಾತಾಡದೆ ಟೀಪಾಯಿ ಸರಿಸಿ ಬಕೆಟ್ಟಿಟ್ಟಳು. ಇಂಥ ಹೊತ್ತಲ್ಲಿ ಶಿಶುನಾಳದ ಶರೀಫರು ನೆನಪಾಗಬೇಕಾದದ್ದು ನ್ಯಾಯ. ನನಗೆ ನೆನಪಾದದ್ದು ವಾಸ್ತುಶಿಲ್ಪಿ ಜೇಮ್ಸ್ ಸ್ಟರ್ಲಿಂಗ್, ನೇರಳೆ ಕಾಲುಚೀಲದ ಆ ದಡೂತಿ ಆಸಾಮಿ.

ಕೇಂಬ್ರಿಜ್‌ನ ಇತಿಹಾಸ ವಿಭಾಗಕ್ಕೆ ಆತ ವಿನ್ಯಾಸ ಮಾಡಿದ ಕಟ್ಟಡ 1968ರಲ್ಲಿ ಮುಗಿಯಿತು. ಬೀಸಣಿಗೆ ಬಿಚ್ಚಿಟ್ಟಂಥ ಓದುಕೋಣೆ, ಅದರ ಮೇಲೆ ಗಾಜಿನ ಇಳಿಜಾರು ಮಾಡು. ಜಾಗ ಹೊತ್ತಿಗೆ ಸರಿಯಾಗಿ ಕೈಗೆ ಬರದೆ ಇಡೀ ನಕ್ಷೆಯನ್ನು ತೊಂಬತ್ತು ಡಿಗ್ರಿ ತಿರುಗಿಸಬೇಕಾಯಿತು. ಗಾಜು ಬಿಸಿಲಿಗೆ ಮುಖ ಕೊಟ್ಟು ಕೂತಿತು. ಬೇಸಿಗೆಯಲ್ಲಿ ಒಲೆ, ಮಳೆಯಲ್ಲಿ ಜರಡಿ. 1980ರ ದಶಕದಲ್ಲಿ ಕೆಡವುವ ಮಾತೂ ಬಂದು, ಕಡೆಗೆ ರಿಪೇರಿಯಲ್ಲಿ ಮುಗಿಯಿತು.

ಆ ನೀರಿಗೆ ಬೀಳಲು ಬೇರೆ ತಲೆ ಸಿಗಲಿಲ್ಲವೇ? ಕವಿಗಳಾಗಿದ್ದರೆ ಒಂದು ಪದ್ಯ ಬರೆದು ಮರೆಯುತ್ತಿದ್ದರು. ಗಣಿತದವರು ಹನಿ ಎಣಿಸುತ್ತಿದ್ದರು. ಇತಿಹಾಸದವರು ಹಾಗಲ್ಲ, ತಾರೀಖು ಸಮೇತ ಬರೆದಿಡುತ್ತಾರೆ.

ಸ್ಟರ್ಲಿಂಗ್‌ಗೆ ಗಂಟುಬಿದ್ದ ಗೆಳೆಯನೂ ಅದೇ ಜಾತಿಯವನು. ಕಾಲಿನ್ ರೋ, ಲಿವರ್‌ಪೂಲ್‌ನಲ್ಲಿ ಆತನಿಗೆ ಪಾಠ ಹೇಳಿದವನು, ವಯಸ್ಸಿನಲ್ಲಿ ನಾಲ್ಕಾರು ವರ್ಷ ಹಿರಿಯ. 1947ರಲ್ಲೇ ಪಲ್ಲಾಡಿಯೋನ ಹದಿನಾರನೇ ಶತಮಾನದ ಬಂಗಲೆಗೂ ಲೆ ಕಾರ್ಬೂಸಿಯೆಯ ಹೊಸ ಬಂಗಲೆಗೂ ಅಳತೆ ತಾಳೆ ಹಾಕಿ ಜಾತಕ ಕೂಡಿಸಿದ ಮಹಾನುಭಾವ. 1984ರಲ್ಲಿ ಸ್ಟಟ್‌ಗಾರ್ಟ್‌ನ ಕಲಾ ಗ್ಯಾಲರಿ ತೆರೆದು ಸ್ಟರ್ಲಿಂಗ್ ಹೆಸರು ಮುಗಿಲು ಮುಟ್ಟಿತ್ತು. ಅದೇ ವರ್ಷ ಬಂದ ಆತನ ಕೃತಿಗಳ ಪುಸ್ತಕಕ್ಕೆ ರೋ ಮುನ್ನುಡಿ ಬರೆದ. ಬರೆದು, ಆ ಗ್ಯಾಲರಿಗೆ ಸರಿಯಾದೊಂದು ಮುಖವೇ ಇಲ್ಲವಲ್ಲ ಎಂದು ಅಲ್ಲೇ ಕೊರಗಿದ! ನಮ್ಮಲ್ಲಾದರೆ ಪುಸ್ತಕ ಬಿಡುಗಡೆಗೆ ಕರೆಯುತ್ತಿರಲಿಲ್ಲ. ಸ್ಟರ್ಲಿಂಗ್ ಅಚ್ಚಾಗಲು ಬಿಟ್ಟ.

ನಾನು ಅಷ್ಟು ದೊಡ್ಡವನಲ್ಲ. ಈ ಮನೆಯ ನಕ್ಷೆ ನಾನೇ ಗ್ರಾಫ್ ಹಾಳೆಯಲ್ಲಿ ಬರೆದದ್ದು. ಗೃಹಪ್ರವೇಶದ ದಿನ ಹೋಳಿಗೆ ತಿಂದವರೆಲ್ಲ ಹೊಗಳಿದರು. ಕಾಲೇಜಲ್ಲಿ ಇತಿಹಾಸ ಹೇಳುವ ನನ್ನ ಗೆಳೆಯನೊಬ್ಬ ಮಾತ್ರ ಎಲೆ ಮುಂದಿನಿಂದೆದ್ದವನೇ ತಾರಸಿ ಹತ್ತಿದ. ಒಂದು ಚೊಂಬು ನೀರು ಸುರಿದ. ನೀರು ಪೈಪಿನ ಕಡೆ ಹೋಗದೆ ನಡುವಿಗೆ ಬಂದು ನಿಂತಿತು. “ವಾಟ ತಪ್ಪಿದೆ ಕಣಯ್ಯ” ಅಂದ. ಆ ಮಳೆಗಾಲದವರೆಗೂ ಅವನೊಡನೆ ಮಾತು ಬಿಟ್ಟಿದ್ದೆ.

ಮೊನ್ನೆ ರಾತ್ರಿ ನಾನೇ ಫೋನು ಮಾಡಿದೆ.

“ಎಲ್ಲಿ, ಹಾಲ್ ನಡುವೇನಾ?”

“ಹೂಂ.”

ಆಗಲೇ ಹೇಳಿದ್ದೆ ಅನ್ನಲಿಲ್ಲ. ಭಾನುವಾರ ಗಾರೆಯವನನ್ನು ಕರಕೊಂಡು ಬರುತ್ತಾನಂತೆ. ಕಾಫಿ ಮಾತ್ರ ಒಣಗಿದ ಜಾಗದಲ್ಲಿ ಕೊಡಬೇಕಂತೆ.