ಹದಿನೈದನೇ ಸುತ್ತಿನ ಆಟಗಾರ

ಅಮೆರಿಕನ್ ಫುಟ್ಬಾಲಿನಲ್ಲಿ ಕಿಕ್ಕರ್ ಅಂತ ಒಬ್ಬ ಇರುತ್ತಾನೆ. ಮೂರು ಗಂಟೆಯ ಪಂದ್ಯದಲ್ಲಿ ಅವನು ಮೈದಾನದಲ್ಲಿ ನಿಲ್ಲುವುದು ಎಲ್ಲ ಸೇರಿಸಿದರೂ ಕೆಲವೇ ನಿಮಿಷ. ಉಳಿದವರು ಡಿಕ್ಕಿ ಹೊಡೆದು, ಬಿದ್ದು, ಹೊರಳಾಡಿ ಮೈಯೆಲ್ಲ ಮಣ್ಣು ಮಾಡಿಕೊಂಡಿರುತ್ತಾರೆ. ಇವನ ಅಂಗಿ ಇಸ್ತ್ರಿ ಮಾಡಿಟ್ಟ ಹಾಗೇ ಇರುತ್ತದೆ. ಫ್ಯಾಂಟಸಿ ಲೀಗಿನಲ್ಲಿ ತಂಡ ಕಟ್ಟುವಾಗ ಎಲ್ಲರೂ ಇವನನ್ನು ಕಟ್ಟಕಡೆಗೆ ಆರಿಸುತ್ತಾರೆ. ನಮ್ಮ ಲೀಗಿನ ಡ್ರಾಫ್ಟಿನಲ್ಲಿ 15 ಸುತ್ತು. ಹದಿನೈದನೆಯದು ಕಿಕ್ಕರ್‌ಗೇ ಬಿಟ್ಟದ್ದು ಎಂಬಂತೆ. ಅದಕ್ಕೆ ಮುಂಚೆ ಯಾರಾದರೂ ಕಿಕ್ಕರ್ ಹೆಸರು ಎತ್ತಿದರೆ ಉಳಿದ ಹನ್ನೊಂದು ಜನ ನಗುತ್ತಾರೆ.

ನಾನು ದಾವಣಗೆರೆಯವಳು. ಪುಣೆಗೆ ಬಂದು ಹದಿನಾರು ವರ್ಷವಾಯಿತು. ಹಿಂಜವಡಿಯ ಆಫೀಸೊಂದರಲ್ಲಿ ಆರು ಜನರ ಸಪೋರ್ಟ್ ಟೀಮಿಗೆ ಲೀಡ್. ಕಾನ್ಸಾಸ್ ಸಿಟಿಯ ಒಂದು ಕಂಪನಿಯ ಸಿಸ್ಟಮ್‌ಗಳು ಅವರು ಮಲಗಿದ್ದಾಗ ನಿಂತುಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಅವರ ರಾತ್ರಿ ನಮ್ಮ ಹಗಲು. ಸೋಮವಾರ ಸಂಜೆಯ ಕಾಲ್‌ನಲ್ಲಿ ಮೊದಲ ಹತ್ತು ನಿಮಿಷ ಅವರ ಫ್ಯಾಂಟಸಿ ಮಾತು: ಯಾರು ಗೆದ್ದರು, ಯಾರಿಗೆ ಮಂಡಿ ನೋವು, ಯಾರನ್ನು ಕೈಬಿಟ್ಟದ್ದು ದಡ್ಡತನವಾಯಿತು. ನಾವು ಆರು ಜನ ಮ್ಯೂಟ್ ಮಾಡಿಕೊಂಡು ಕಾಯುತ್ತಿದ್ದೆವು. ವರ್ಷಗಟ್ಟಲೆ ಹಾಗೇ ನಡೆದಿತ್ತು. 2023ರ ಆಗಸ್ಟಿನಲ್ಲಿ ಅವರ ಹನ್ನೆರಡನೆಯವನು ಕೆಲಸ ಬಿಟ್ಟ. ಸಂಖ್ಯೆ ತುಂಬಬೇಕಿತ್ತು. ಅಲ್ಲಿನ ಮ್ಯಾನೇಜರ್ ನನ್ನನ್ನು ಕೇಳಿದ, ನಾನು ಹೂಂ ಅಂದೆ. ಆಟದ ಮೇಲಿನ ಪ್ರೀತಿಯೇನೂ ಅಲ್ಲ, ಆ ಹತ್ತು ನಿಮಿಷ ಮ್ಯೂಟ್ ತೆಗೆಯಬಹುದಲ್ಲ ಅಂತ. ಹಣದ ವ್ಯವಹಾರ ಇರಲಿಲ್ಲ. ಗೆದ್ದವರಿಗೆ ಒಂದು ಕಪ್, ಕೊನೆಗೆ ಬಂದವರಿಗೆ ಒಂದು ತಿಂಗಳು ಎಲ್ಲ ಕಾಲ್‌ಗಳಲ್ಲೂ ಹಾಕಿಕೊಳ್ಳಬೇಕಾದ ಕೋಡಂಗಿ ಟೋಪಿ.

ಐಪಿಎಲ್ ಕಾಲದಲ್ಲಿ ಫ್ಯಾಂಟಸಿ ಆಡಿದವರಿಗೆ ಒಂದು ವ್ಯತ್ಯಾಸ ಹೇಳಬೇಕು. ನಮ್ಮಲ್ಲಿ ಪಂದ್ಯಕ್ಕೊಂದು ಹೊಸ ತಂಡ, ಕೊಹ್ಲಿ ಲಕ್ಷ ಜನರ ತಂಡದಲ್ಲಿ ಒಟ್ಟಿಗೇ ಇರಬಹುದು. ಅಲ್ಲಿ ಹಾಗಲ್ಲ. ಲೀಗಿನ ಹನ್ನೆರಡು ಜನರಲ್ಲಿ ಒಬ್ಬ ಆಟಗಾರ ಒಬ್ಬರಿಗೇ ಸೇರಿದವನು, ಇಡೀ ಋತುವಿಗೆ. ಬೇಡವಾದರೆ ಬಿಡಬಹುದು, ಬಿಟ್ಟ ತಕ್ಷಣ ಇನ್ನೊಬ್ಬರು ಎತ್ತಿಕೊಳ್ಳಬಹುದು. ಈ ಆಟ ಶುರುವಾದದ್ದು ಓಕ್ಲೆಂಡಿನಲ್ಲಿ. ಅಲ್ಲಿನ ರೈಡರ್ಸ್ ತಂಡದಲ್ಲಿ ಪಾಲಿದ್ದ ಬಿಲ್ ವಿಂಕನ್‌ಬಾಕ್ ಮತ್ತು ಗೆಳೆಯರು 1962ರಲ್ಲಿ ನಿಯಮ ಮಾಡಿ, 1963ರಲ್ಲಿ ಮೊದಲ ಡ್ರಾಫ್ಟ್ ನಡೆಸಿದರು. ಆ ಡ್ರಾಫ್ಟಿನಲ್ಲಿ ಮೊದಲು ಆರಿಸಿದ ಹೆಸರು ಜಾರ್ಜ್ ಬ್ಲಾಂಡಾ. ಆತ ಕ್ವಾರ್ಟರ್‌ಬ್ಯಾಕ್, ಜೊತೆಗೆ ಕಿಕ್ಕರ್ ಕೂಡ. ಅಂದರೆ ಈ ಆಟ ಹುಟ್ಟಿದ ದಿನ ಒಬ್ಬ ಕಿಕ್ಕರ್ ಪಂಕ್ತಿಯಲ್ಲಿ ಮೊದಲ ಎಲೆಗೇ ಕೂತಿದ್ದ. ಇದನ್ನು ಕಾಲ್‌ನಲ್ಲಿ ಹೇಳಿದಾಗ ನನ್ನ ಮ್ಯಾನೇಜರ್‌ಗೇ ಗೊತ್ತಿರಲಿಲ್ಲ, ನನಗೆ ಒಳಗೊಳಗೇ ಖುಷಿಯಾಯಿತು.

ಕಿಕ್ಕರ್ ಕೆಲಸ ಏನು? ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮೂರರಲ್ಲೂ ಆಗದಿದ್ದರೆ, ಕಂಬ ಹತ್ತಿರವಿದ್ದರೆ, ಕಿಕ್ಕರ್‌ನನ್ನು ಕರೆಯುತ್ತಾರೆ. ಎರಡು ಕಂಬಗಳ ನಡುವಿನ ಅಗಲ 18 ಅಡಿ 6 ಅಂಗುಲ, ಅಡ್ಡಪಟ್ಟಿಯ ಎತ್ತರ 10 ಅಡಿ. ಒಬ್ಬ ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಎಸೆಯುತ್ತಾನೆ, ಇನ್ನೊಬ್ಬ ಮಂಡಿಯೂರಿ ಹಿಡಿದು, ಹೊಲಿಗೆ ಆ ಕಡೆಗೆ ತಿರುಗಿಸಿ ನಿಲ್ಲಿಸುತ್ತಾನೆ, ಇವನು ಒದೆಯುತ್ತಾನೆ. ಎಲ್ಲ ಸೇರಿ ಒಂದೂಕಾಲು ಸೆಕೆಂಡಿನ ಆಸುಪಾಸು. ನಮ್ಮ ಲೀಗಿನ ಲೆಕ್ಕದಲ್ಲಿ 40 ಗಜದೊಳಗಿನದಕ್ಕೆ 3 ಪಾಯಿಂಟ್, 40ರಿಂದ 49ಕ್ಕೆ 4, 50 ದಾಟಿದರೆ 5. ಟಚ್‌ಡೌನ್ ಆದಮೇಲಿನ ಹೆಚ್ಚುವರಿ ಒದೆತಕ್ಕೆ 1. ತಪ್ಪಿದರೆ 1 ಕಳೆಯುತ್ತಾರೆ.

ನಮಗೆ 1 ಪಾಯಿಂಟ್. ನಿಜವಾಗಿ ಒದ್ದವನಿಗೆ ಎಷ್ಟು ಕಳೆಯುತ್ತದೋ. 1991ರ ಜನವರಿಯ ಸೂಪರ್ ಬೌಲ್‌ನಲ್ಲಿ ಬಫಲೋ ತಂಡದ ಸ್ಕಾಟ್ ನಾರ್ವುಡ್ ಕೊನೇ ಕ್ಷಣದಲ್ಲಿ 47 ಗಜದ ಒದೆತ ಬಲಗಡೆಗೆ ಹೊಡೆದ. ತಂಡ 19–20ರಲ್ಲಿ ಸೋತಿತು. ಮರುದಿನ ಬಫಲೋದಲ್ಲಿ ಸೇರಿದ ಜನ ಅವನನ್ನು ಮುಂದೆ ಕರೆಯಿರಿ ಅಂತ ಕೂಗಿದರು, ಬೈಯಲಿಕ್ಕಲ್ಲ. ಆ ಊರಿನ ಮೇಲೆ ನನಗೆ ಅವತ್ತಿನಿಂದ ಗೌರವ.

ಇನ್ನು ಆಯ್ಕೆ. ನಾಲ್ಕು ರಾತ್ರಿ ಓದಿ ನನಗೆ ಅರ್ಥವಾದದ್ದು ಇಷ್ಟು: ಕಿಕ್ಕರ್‌ನನ್ನು ಆರಿಸುವುದೆಂದರೆ ಅವನ ಕಾಲನ್ನು ಆರಿಸುವುದಲ್ಲ, ಅವನ ಸುತ್ತಲಿನವರನ್ನು ಆರಿಸುವುದು. ತಂಡ ಚೆಂಡನ್ನು ಮುಂದಕ್ಕೆ ಒಯ್ಯಬೇಕು, ಆದರೆ ಕೊನೆಯ 20 ಗಜದಲ್ಲಿ ಮುಗ್ಗರಿಸುತ್ತಿರಬೇಕು. ತೀರಾ ಒಳ್ಳೆಯ ತಂಡವಾದರೆ ಟಚ್‌ಡೌನ್ ಹೊಡೆದು ಇವನಿಗೆ ಒಂದೊಂದೇ ಪಾಯಿಂಟ್ ಬಿಡುತ್ತದೆ, ತೀರಾ ಕೆಟ್ಟ ತಂಡವಾದರೆ ಇವನನ್ನು ಕರೆಯುವಷ್ಟು ಹತ್ತಿರಕ್ಕೇ ಬರುವುದಿಲ್ಲ. ಕೋಚ್ ಅಂಜುಬುರುಕನಾಗಿದ್ದರೆ ನಮಗೆ ಲಾಭ, ನಾಲ್ಕನೆಯದರಲ್ಲೂ ನುಗ್ಗುವ ಧೈರ್ಯಸ್ಥನಾದರೆ ನಷ್ಟ. ಆಮೇಲೆ ಹವೆ. ಚಳಿಗಾಲದ ಬಫಲೋ, ಶಿಕಾಗೋಗಳಲ್ಲಿ ಕೆರೆಯ ಕಡೆಯಿಂದ ಬೀಸುವ ಗಾಳಿಗೆ ಚೆಂಡು ದಾರಿ ತಪ್ಪುತ್ತದೆ. ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದ ಡೆನ್ವರ್‌ನಲ್ಲಿ ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. 2013ರಲ್ಲಿ ಮ್ಯಾಟ್ ಪ್ರೇಟರ್ 64 ಗಜದ ದಾಖಲೆ ಮಾಡಿದ್ದು ಅಲ್ಲೇ. ಅದನ್ನು ಮುರಿದ ಜಸ್ಟಿನ್ ಟಕರ್‌ನ 66 ಗಜ 2021ರಲ್ಲಿ ಡೆಟ್ರಾಯಿಟಿನ ಸೂರಿನ ಕೆಳಗೆ, ಚೆಂಡು ಅಡ್ಡಪಟ್ಟಿಗೆ ಬಡಿದು ಆಚೆ ಬಿತ್ತು. ಅದನ್ನೂ ಮುರಿದ ಕ್ಯಾಮ್ ಲಿಟಲ್‌ನ 68 ಗಜ 2025ರಲ್ಲಿ ಲಾಸ್ ವೇಗಸ್‌ನಲ್ಲಿ, ಅದೂ ಸೂರಿನ ಕೆಳಗೇ. ಅದಕ್ಕೇ ಸೂರಿರುವ ಸ್ಟೇಡಿಯಮ್ಮಿನ ಕಿಕ್ಕರ್‌ಗೆ ಡಿಸೆಂಬರಿನಲ್ಲಿ ಬೇಡಿಕೆ.

ನಾನು ಆರಿಸಿದ್ದು ಡಲ್ಲಾಸಿನ ಬ್ರ್ಯಾಂಡನ್ ಆಬ್ರಿಯನ್ನು. ತಂಡ ಒಳ್ಳೆಯದು, ಸ್ಟೇಡಿಯಮ್ಮಿಗೆ ಸೂರಿದೆ. ಆದರೆ ನಿಜವಾದ ಕಾರಣ ಬೇರೆ: ಆತ ಸಾಫ್ಟ್‌ವೇರ್ ಎಂಜಿನಿಯರ್. ಸಾಕರ್ ಆಡಿಕೊಂಡಿದ್ದವನನ್ನು 2017ರಲ್ಲಿ ಟೊರಾಂಟೊ ತಂಡ ಆರಿಸಿತ್ತು. ಅಲ್ಲಿ ನೆಲೆ ನಿಲ್ಲಲಿಲ್ಲ, ಕೋಡ್ ಬರೆಯಲು ಕೂತ. ಒಂದು ದಿನ ಟೀವಿಯಲ್ಲಿ ಕಿಕ್ಕರ್ ಒಬ್ಬ ಹೊಡೆಯುವುದನ್ನು ನೋಡುತ್ತಿದ್ದಾಗ ಹೆಂಡತಿ, ಇದನ್ನು ನೀನೂ ಮಾಡಬಹುದಲ್ಲ ಅಂದಳಂತೆ. ಕೆಲಸ ಮಾಡಿಕೊಂಡೇ ಅಭ್ಯಾಸ ಮಾಡಿ, ಚಿಕ್ಕ ಲೀಗಿನಲ್ಲಿ ಆಡಿ, 28ನೇ ವಯಸ್ಸಿನಲ್ಲಿ ಡಲ್ಲಾಸಿಗೆ ಬಂದ. ಹಿಂಜವಡಿಯಲ್ಲಿ ಕೂತವಳು ಇವನನ್ನಲ್ಲದೆ ಇನ್ಯಾರನ್ನು ಆರಿಸಬೇಕು? ಮೊದಲ ಪಂದ್ಯ ನಮಗೆ ಸೋಮವಾರ ಬೆಳಗಿನ 5.50ಕ್ಕೆ, ಅಲ್ಲಿ ಮಳೆ. ಮಗಳ ಡಬ್ಬಿಗೆ ಚಪಾತಿ ಲಟ್ಟಿಸುತ್ತ ಫೋನ್ ನೋಡಿದರೆ ಮಹಾರಾಯ ಮೊಟ್ಟಮೊದಲ ಹೆಚ್ಚುವರಿ ಒದೆತವನ್ನೇ ತಪ್ಪಿಸಿದ್ದ! ಆಮೇಲೆ ಫೀಲ್ಡ್ ಗೋಲ್ ಮಾತ್ರ ತಪ್ಪಲಿಲ್ಲ. ಒಂದರ ಹಿಂದೊಂದು 35, ವೃತ್ತಿಯ ಆರಂಭದಲ್ಲಿ ಅಷ್ಟು ಯಾರೂ ಹೊಡೆದಿರಲಿಲ್ಲ.

ಏಳನೇ ವಾರ ಡಲ್ಲಾಸಿಗೆ ವಿರಾಮ. ಪ್ರತಿ ತಂಡಕ್ಕೂ ಋತುವಿನಲ್ಲಿ ಒಂದು ವಾರ ಹೀಗೆ. ಎಲ್ಲರೂ ಮಾಡುವುದೆಂದರೆ ತಮ್ಮ ಕಿಕ್ಕರ್‌ನನ್ನು ಬಿಟ್ಟು ಇನ್ನೊಬ್ಬನನ್ನು ಎತ್ತಿಕೊಳ್ಳುವುದು. ಇಬ್ಬರನ್ನು ಇಟ್ಟುಕೊಳ್ಳುವವರು ಮೂರ್ಖರು ಅಂತ ಮ್ಯಾನೇಜರ್ ಬುದ್ಧಿ ಹೇಳಿದ. ನಾನು ಇಬ್ಬರನ್ನೂ ಇಟ್ಟುಕೊಂಡೆ. ಆ ವಾರಕ್ಕೆ ತಂದದ್ದು ಅಟ್ಲಾಂಟಾದ ಯಂಗ್ವೇ ಕೂ ಎಂಬ ಕೊರಿಯಾ ಮೂಲದವನನ್ನು. 2017ರಲ್ಲಿ ಮೊದಲ ತಂಡ ಅವನನ್ನು ನಾಲ್ಕೇ ಪಂದ್ಯಕ್ಕೆ ಮನೆಗೆ ಕಳಿಸಿತ್ತು. 2020ರಲ್ಲಿ ಅವನು 39ರಲ್ಲಿ 37 ಹೊಡೆದ, ಅವನ ತಂಡ 16ರಲ್ಲಿ ಗೆದ್ದದ್ದು 4 ಮಾತ್ರ.

ಅದೇ ವಾರ ನಮ್ಮ ಕಂಪನಿಯಿಂದ ಒಂದು ಮೇಲ್ ಬಂತು. ಆರು ಜನರನ್ನು ಒಂದರಿಂದ ಆರರವರೆಗೆ ಸಾಲಾಗಿ ಬರೆದು ಸೋಮವಾರದೊಳಗೆ ಕಳಿಸಬೇಕು. ಆರನೆಯವರಿಗೆ ಏನಾಗುತ್ತದೆ ಅಂತ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಜೊತೆಗೊಂದು ಶೀಟು: ಯಾರು ಎಷ್ಟು ಟಿಕೆಟ್ ಮುಗಿಸಿದರು. ಕಟ್ಟಕಡೆಗೆ ಇದ್ದವನು ಶನಿವಾರ, ಭಾನುವಾರದ ಶಿಫ್ಟಿನ ಹುಡುಗ. ಮೂರು ತಿಂಗಳಲ್ಲಿ ಅವನದು 41, ಉಳಿದವರದು ನೂರೈವತ್ತರ ಮೇಲೆ. ವಾರದ ಕೊನೆಗೆ ಅಲ್ಲಿ ಯಾರೂ ಕೆಲಸ ಮಾಡುವುದಿಲ್ಲ, ಏನೂ ಕೆಡುವುದಿಲ್ಲ. ಆದರೆ ಆ 41ರಲ್ಲಿ ಒಂದೂ ವಾಪಸ್ ಬಂದಿರಲಿಲ್ಲ.

ಭಾನುವಾರ ರಾತ್ರಿ ಹತ್ತೂವರೆಗೆ ಅಟ್ಲಾಂಟಾ ಪಂದ್ಯ ಶುರುವಾಯಿತು. ನಾನು ಲ್ಯಾಪ್‌ಟಾಪಿನಲ್ಲಿ ಸಾಲು ಬರೆಯುತ್ತಿದ್ದೆ, ಫೋನಿನಲ್ಲಿ ಸ್ಕೋರು ಓಡುತ್ತಿತ್ತು. 13–13. ಸಮಯ ಮುಗಿಯುತ್ತಿದ್ದ ಹಾಗೇ ಕೂ 51 ಗಜದಿಂದ ಹೊಡೆದ, ಅಟ್ಲಾಂಟಾ 16–13. ನನಗೆ 5 ಪಾಯಿಂಟ್. ಮನೆಯಲ್ಲಿ ಎಲ್ಲ ಮಲಗಿದ್ದರು, ಕೂಗುವ ಹಾಗಿಲ್ಲ. ಆಮೇಲೆ ಸಾಲುಪಟ್ಟಿಯ ಕೆಳಗೆ ಮ್ಯಾನೇಜರ್‌ಗೆ ಅವನದೇ ಭಾಷೆಯಲ್ಲಿ ಬರೆದೆ: ನಿನ್ನ ಶೀಟು ಎಷ್ಟು ಸಲ ಕರೆದರು ಅನ್ನುವುದನ್ನು ಎಣಿಸಿದೆ, ಕರೆದಾಗ ಎಷ್ಟು ಸಲ ಹೊಡೆದ ಅನ್ನುವುದನ್ನಲ್ಲ, ನೀನು ಕಿಕ್ಕರ್‌ನನ್ನು ಹೀಗೆ ಅಳೆಯುತ್ತೀಯಾ? ಹುಡುಗನನ್ನು ಎರಡನೆಯ ಸಾಲಿನಲ್ಲಿಟ್ಟೆ. ಆರನೆಯ ಸಾಲು ಖಾಲಿ ಬಿಟ್ಟು ಕಳಿಸಿದೆ.

ಮಂಗಳವಾರ ಉತ್ತರ ಬಂತು. ಮಾತು ಒಪ್ಪುವಂಥದ್ದೇ, ಹುಡುಗ ಇರಲಿ ಅಂದ. ಎರಡು ವಾರ ಬಿಟ್ಟು ಮೇಲಿನಿಂದ ಇನ್ನೊಂದು ಶೀಟು ಬಂತು, ಅದರಲ್ಲಿ ಟಿಕೆಟ್ ಇರಲಿಲ್ಲ, ಸಂಬಳ ಇತ್ತು. ಹೋದವರು ನಮ್ಮ ಟೀಮಿನ ಅತಿ ಹಿರಿಯರು. ಅಕ್ಕಲಕೋಟೆಯವರು, ಮನೆಮಾತು ಕನ್ನಡ, ಹದಿನಾಲ್ಕು ವರ್ಷದ ಕೆಲಸ, ನನಗೆ ಈ ಕೆಲಸದ ಅ ಆ ಕಲಿಸಿದ್ದೇ ಅವರು. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. ಸುದ್ದಿ ಹೇಳಲು ನಾನೇ ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಅವರು ಚಹಾ ಆರುವ ತನಕ ಸುಮ್ಮನಿದ್ದು, "ನನ್ನ ಚಿಂತಿ ಮಾಡಬ್ಯಾಡ. ಆ ಹುಡುಗಗ ಈಗಷ್ಟ ಮದಿವಿ ಆಗ್ಯಾದ, ಅವ ಉಳದನಲ್ಲ" ಅಂದರು. ಅವರಿಗೆ ಬೇರೆ ಕೆಲಸ ಸಿಕ್ಕಲು ಏಳು ತಿಂಗಳು ಬೇಕಾಯಿತು, ಸಂಬಳ ಮೊದಲಿಗಿಂತ ಕಡಿಮೆ. ಈಗಲೂ ಹಬ್ಬಕ್ಕೆ ಶೇಂಗಾ ಹೋಳಿಗೆ ಕಳಿಸುತ್ತಾರೆ.

ಆ ಋತುವಿನಲ್ಲಿ ನಾನು ಸೆಮಿಫೈನಲ್ ತನಕ ಹೋಗಿ ಸೋತೆ. ಟೋಪಿ ತಪ್ಪಿತು.

ಈಗ ಲೀಗಿನಲ್ಲಿ ಒಂದು ಪ್ರಸ್ತಾಪ ಬಂದಿತ್ತು: ಕಿಕ್ಕರ್ ಸ್ಥಾನವನ್ನೇ ತೆಗೆದುಬಿಡೋಣ, ಅದು ಬರೀ ಅದೃಷ್ಟ, ಲೆಕ್ಕಕ್ಕೆ ಸಿಗುವುದಿಲ್ಲ ಅಂತ. ಅಲ್ಲಿ ಎಷ್ಟೋ ಲೀಗುಗಳು ತೆಗೆದೂ ಬಿಟ್ಟಿವೆ. ವಾದದಲ್ಲಿ ಹುರುಳಿಲ್ಲ ಅಂತಲ್ಲ. ಈ ವರ್ಷ ಚೆನ್ನಾಗಿ ಹೊಡೆದವನು ಮುಂದಿನ ವರ್ಷವೂ ಹಾಗೇ ಹೊಡೆಯುತ್ತಾನೆ ಅಂತ ಯಾವ ಜಾಣನೂ ಹೇಳಲಾರ. ನಾನು ಬೇಡ ಅಂತ ಮತ ಹಾಕಿದೆ, ಈ ಹತ್ತು ನಿಮಿಷದಲ್ಲಿ ಮೊದಲ ಬಾರಿಗೆ ಉದ್ದಕ್ಕೆ ಮಾತಾಡಿದೆ. 7–5ರಲ್ಲಿ ಕಿಕ್ಕರ್ ಉಳಿದ. ವಾರದ ಕೊನೆಯ ಶಿಫ್ಟಿನ ಹುಡುಗನೂ ಈ ವರ್ಷ ಲೀಗಿಗೆ ಬಂದಿದ್ದಾನೆ, ಅವನಿಗೂ ಆಬ್ರಿಯೇ ಬೇಕಂತೆ. ಡ್ರಾಫ್ಟ್ ಅವರಿಗೆ ಆಗಸ್ಟಿನ ಕೊನೆಯ ಶನಿವಾರ ಸಂಜೆ ಏಳಕ್ಕೆ, ನಮಗೆ ಭಾನುವಾರ ಬೆಳಗಿನ ಐದೂವರೆಗೆ. ಹದಿನೈದನೇ ಸುತ್ತು ಬರುವಷ್ಟರಲ್ಲಿ ಹಾಲಿನವನು ಬಂದುಹೋಗಿರುತ್ತಾನೆ. ನಾನು ಈ ಸಲ ಹದಿನಾಲ್ಕರಲ್ಲೇ ಎತ್ತಿಕೊಳ್ಳುವವಳಿದ್ದೇನೆ, ಹುಡುಗನಿಗೆ ಹೇಳಿಲ್ಲ.