ತೆರೆದ ಬಾಗಿಲು, ಎತ್ತರದ ಹೊಸ್ತಿಲು

ಮೂರು ದಶಕಗಳ ಕಾಲ ಅಧ್ಯಾಪಕನಾಗಿದ್ದು ನಿವೃತ್ತನಾದವನು ನಾನು. ವಿದ್ಯೆಯನ್ನು ಕೊಡುವುದರಲ್ಲಿ ಯಾರಿಗೂ ಭೇದವೆಣಿಸಲಿಲ್ಲವೆಂಬ ಸಮಾಧಾನ ನನ್ನಲ್ಲಿ ಬಹುಕಾಲ ಮನೆಮಾಡಿತ್ತು. ನನ್ನ ತರಗತಿಯ ಬಾಗಿಲು ಎಲ್ಲರಿಗೂ ತೆರೆದಿತ್ತು, ನಿಜ. ಆದರೆ ಹೊಸ್ತಿಲಿನ ಎತ್ತರವನ್ನು ನಾನೆಂದೂ ಅಳೆದು ನೋಡಿರಲಿಲ್ಲ. ಅದನ್ನು ಅಳೆದು ತೋರಿಸಿದವನು ಒಬ್ಬ ಶಿಷ್ಯ.

2017ರಲ್ಲಿ ನಮ್ಮ ಕನ್ನಡ ಸ್ನಾತಕೋತ್ತರ ತರಗತಿಗೆ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬ ಸೇರಿದ. ಮೊದಲ ಸಾಲಿನಲ್ಲಿ ಕುಳಿತು ತಲೆಬಾಗಿಸಿ ಪಾಠ ಕೇಳುತ್ತಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಿತ್ತು. ನಾನು ಕನಿಕರದಿಂದ ಹಳಗನ್ನಡ ಕಾವ್ಯದ ನನ್ನ ಟಿಪ್ಪಣಿಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ, ಕರ್ತವ್ಯ ಮುಗಿಯಿತೆಂದುಕೊಂಡೆ. ಆಂತರಿಕ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು 25ಕ್ಕೆ 8 ಅಂಕ. "ಟಿಪ್ಪಣಿ ಕೊಟ್ಟರೂ ಓದಲಿಲ್ಲವೇನಪ್ಪಾ?" ಎಂದು ಎಲ್ಲರೆದುರಿಗೆ ಕೇಳಿಬಿಟ್ಟೆ. ಅವನು ಸುಮ್ಮನಿದ್ದ. ಸಂಜೆ ನನ್ನ ಕೊಠಡಿಗೆ ಬಂದು, "ಸರ್, ಒಂದು ನಿಮಿಷ ಇದನ್ನು ಕೇಳಿ" ಎಂದು ನನ್ನ ಕಡತವನ್ನು ತೆರೆದ. ಯಂತ್ರದ ಧ್ವನಿ ಒಂದಕ್ಕೊಂದು ಸಂಬಂಧವಿಲ್ಲದ ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಹೇಳುತ್ತಾ ಹೋಯಿತು. ಪಂಪನ ಒಂದು ಪದವೂ ಅದರಲ್ಲಿ ಕೇಳಿಸಲಿಲ್ಲ.

ಕಾರಣ ಸರಳವಾದುದು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡವೆಂಬುದು ಕೇವಲ ಹೊರಗಿನ ವೇಷ. ಪರದೆಯ ಮೇಲೆ ಕಾಣುವುದು ಕನ್ನಡದ ಆಕಾರವಾದರೂ ಗಣಕಯಂತ್ರದ ಒಳಗಿರುವುದು ರೋಮನ್ ಲಿಪಿಯ ಸಂಕೇತಗಳೇ. ಕಣ್ಣಿದ್ದವನು ವೇಷವನ್ನು ಓದುತ್ತಾನೆ; ಯಂತ್ರವು ಒಳಗಿರುವುದನ್ನು ಓದುತ್ತದೆ. ಪುಸ್ತಕದ ಪುಟಗಳನ್ನು ಹಾಗೆಯೇ ಸ್ಕ್ಯಾನ್ ಮಾಡಿದರಂತೂ ಅದು ಬರಿಯ ಚಿತ್ರ. ಯಂತ್ರಕ್ಕೆ ಅಲ್ಲಿ ಓದಲು ಏನೂ ಇರುವುದಿಲ್ಲ. ನಾನು ಅವನಿಗೆ ಕೊಟ್ಟಿದ್ದು ಬೀಗ ಹಾಕಿದ ಪೆಟ್ಟಿಗೆ. ತೆರೆಯಲಿಲ್ಲವೆಂದು ಗದರಿದ್ದೂ ನಾನೇ.

ಆ ರಾತ್ರಿ ನನಗೆ ಮತ್ತೊಂದು ಮುಖ ನೆನಪಾಯಿತು. ವೃತ್ತಿಯ ಮೊದಲ ವರ್ಷಗಳಲ್ಲಿ ಕಿವಿ ಮಂದವಾಗಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನ ತುಟಿಗಳನ್ನೇ ನೋಡುತ್ತಾ ಕುಳಿತಿರುತ್ತಿದ್ದಳು. ನಾನೋ ಕಪ್ಪುಹಲಗೆಯ ಕಡೆಗೆ ಮುಖಮಾಡಿ ಬರೆಯುತ್ತಲೇ ಮಾತನಾಡುವವನು. ಎರಡನೆಯ ವರ್ಷ ಆಕೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೈರುಹಾಜರಿ ಗುರುತಿಸಿದೆನೇ ಹೊರತು ಏಕೆ ಬರಲಿಲ್ಲವೆಂದು ವಿಚಾರಿಸಲಿಲ್ಲ. ಆ ಋಣವನ್ನು ತೀರಿಸುವ ದಾರಿ ಈಗ ಉಳಿದಿಲ್ಲ.

ಮುಂದಿನ ವಾರ ವಿಭಾಗದ ಸಭೆಯಲ್ಲಿ ಈ ವಿಷಯವನ್ನೆತ್ತಿದೆ. "ಒಬ್ಬನಿಗಾಗಿ ಇಷ್ಟೆಲ್ಲ ಶ್ರಮವೇ?" ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ಕಾನೂನನ್ನು ಹೇಳಬಹುದಾಗಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತ್ತು. 1995ರ ಕಾನೂನು ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದರೆ ಇದು 21 ಬಗೆಗಳನ್ನು ಗುರುತಿಸುತ್ತದೆ. ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಶೇಕಡ 5ಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳನ್ನು ಮೀಸಲಿಡಬೇಕೆನ್ನುತ್ತದೆ. ಆದರೆ ಸೀಟನ್ನು ಕೊಡಿಸಬಲ್ಲ ಕಾನೂನು ಪಾಠವನ್ನು ತಲುಪಿಸಲಾರದು. ಅದು ಮೇಷ್ಟರ ಕೈಯಲ್ಲಿದೆ. ಆದುದರಿಂದ ನಾನು ವಾದಿಸಲಿಲ್ಲ. ಆ ವಿದ್ಯಾರ್ಥಿಯ ಒಪ್ಪಿಗೆ ಪಡೆದು ಅವನ ಲ್ಯಾಪ್‌ಟಾಪನ್ನು ಸಭೆಗೆ ತಂದಿದ್ದೆ. ಮೊದಲು ನನ್ನ ಟಿಪ್ಪಣಿಯನ್ನು ಕೇಳಿಸಿದೆ. ಅನಂತರ ಅವರವರ ಟಿಪ್ಪಣಿಗಳನ್ನು. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಅಲ್ಲಿಂದ ಒಂದು ಕಟ್ಟುಪಾಡು ಮಾಡಿಕೊಂಡೆವು. ಪ್ರತಿಯೊಬ್ಬರೂ ತಿಂಗಳಿಗೆ ಒಂದು ಪಾಠವನ್ನು ಯೂನಿಕೋಡಿಗೆ ಪರಿವರ್ತಿಸಿ, ತಪ್ಪು ತಿದ್ದಿ ತರಬೇಕು. ಹಲಗೆಯ ಮೇಲೆ ಬರೆದುದನ್ನು ಬಾಯಲ್ಲೂ ಹೇಳಬೇಕು. "ಇಲ್ಲಿ ನೋಡಿ, ಇದು ಅದಕ್ಕೆ ಸೇರುತ್ತದೆ" ಎಂದರೆ ಸಾಲದು. ಮಾತನಾಡುವಾಗ ಮುಖ ವಿದ್ಯಾರ್ಥಿಗಳ ಕಡೆಗಿರಬೇಕು. ಪಠ್ಯಗಳ ಪಟ್ಟಿಯನ್ನು ತಿಂಗಳ ಮೊದಲೇ ಕೊಡಬೇಕು, ಏಕೆಂದರೆ ಒಂದು ಪುಸ್ತಕವನ್ನು ಯಂತ್ರ ಓದುವಂತೆ ಸಿದ್ಧಪಡಿಸಲು ಸಮಯ ಬೇಕು. ಪರೀಕ್ಷೆಯಲ್ಲಿ ಲಿಪಿಕಾರರನ್ನೂ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯವನ್ನೂ ಕೊಡುವಾಗ ಉಪಕಾರ ಮಾಡಿದಂತೆ ಮಾತನಾಡಬಾರದು.

ಎಲ್ಲವೂ ಸುಗಮವಾಯಿತೆಂದು ಹೇಳಲಾರೆ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಸ್ಥಾನಪಲ್ಲಟವಾಗುತ್ತಿದ್ದವು. ಕೆಲವರು ಎರಡೇ ತಿಂಗಳಲ್ಲಿ ಬೇಸತ್ತರು. ಆದರೂ ಕೆಲಸ ನಿಲ್ಲಲಿಲ್ಲ. ಹಗಲು ದುಡಿದು ರಾತ್ರಿ ಓದುವ ಹುಡುಗರೂ ಬಸ್ಸಿನಲ್ಲಿ ಆ ಟಿಪ್ಪಣಿಗಳನ್ನು ಫೋನಿನಲ್ಲಿ ಕೇಳಿಸಿಕೊಳ್ಳತೊಡಗಿದರು. ಒಬ್ಬನಿಗಾಗಿ ತಗ್ಗಿಸಿದ ಹೊಸ್ತಿಲನ್ನು ಅನೇಕರು ದಾಟಿದರು. ಪ್ರಶ್ನೆ ಕೇಳಿದ್ದ ಹಿರಿಯರು ನಿವೃತ್ತರಾಗುವ ಮುನ್ನ ತಮ್ಮ ಛಂದಸ್ಸಿನ ಪಾಠಗಳನ್ನೆಲ್ಲ ತಿದ್ದಿಸಿಟ್ಟು ಹೋದರು. ಆ ವಿದ್ಯಾರ್ಥಿ ಎಂ.ಎ. ಮುಗಿಸಿದ. ಎಲ್ಲರೆದುರಿಗೆ ಆಡಿದ ಮಾತಿಗೆ ನಾನು ಎಲ್ಲರೆದುರಿಗೇ ಕ್ಷಮೆ ಕೇಳಿದಾಗ ಅವನು, "ಬಿಡಿ ಸರ್, ನೀವು ಕುಳಿತು ಕೇಳಿದಿರಲ್ಲ" ಎಂದಷ್ಟೇ ಹೇಳಿದ.

ನೋಯಿಸಬೇಕೆಂಬ ಇಚ್ಛೆ ನನಗಿರಲಿಲ್ಲ. ಆದರೆ ಇಚ್ಛೆಯಿಲ್ಲದ ಮಾತ್ರಕ್ಕೆ ನೋವು ಆಗದೆ ಇರಲಿಲ್ಲ. ಪ್ರಮಾದವೇ ಅದನ್ನು ಮಾಡಿತು. ಎಚ್ಚರವೆಂಬುದು ನಡೆಯುವ ಹಾದಿಯಲ್ಲಿ ಮಾತ್ರವಲ್ಲ, ಬರೆಯುವ ಹಲಗೆಯ ಮುಂದೆಯೂ ಇರಬೇಕಾದುದು. ಶಾಲೆ, ವಿದ್ಯಾರ್ಥಿನಿಲಯ, ಗ್ರಂಥಭಂಡಾರಗಳನ್ನು ನಡೆಸುತ್ತಿರುವ ಹಿರಿಯರು ಈ ಪುಟಗಳನ್ನು ಓದುತ್ತೀರಿ. ದಾನಿಗಳ ಹೆಸರು ಕೆತ್ತಿಸಿದ ಬಾಗಿಲಿನ ಬಳಿ ಒಮ್ಮೆ ನಿಂತು, ಇದನ್ನು ದಾಟಲಾರದೆ ಯಾರಾದರೂ ಹಿಂತಿರುಗಿದರೇ ಎಂದು ವಿಚಾರಿಸಿರಿ. ನಾನು ವಿಚಾರಿಸಿದ್ದು ತೀರ ತಡವಾಗಿ.